ಹತ್ತಿಂಚಿನ ಹಠ

ಎಲ್ಲಾದರೂ ಹಳೇ ಬಜಾಜ್ ಚೇತಕ್ ನಿಂತಿದ್ದರೆ ಅದರ ಟೈರನ್ನ ಬಗ್ಗಿ ನೋಡಿ. 3.50-10 ಅಂತ ಅಚ್ಚು ಇರುತ್ತೆ. ಕೊನೆಯ ಆ 10 ಅಂದ್ರೆ ರಿಮ್ಮಿನ ವ್ಯಾಸ, ಇಂಚಿನ ಲೆಕ್ಕದಲ್ಲಿ. ಗಂಡ, ಹೆಂಡತಿ, ಮುಂದೆ ನಿಂತ ಮಗು, ಕಾಲ ಹತ್ತಿರ ಒಂದು ತರಕಾರಿ ಚೀಲ. ಇಷ್ಟು ಭಾರಕ್ಕೆ ಆ ಚಕ್ರ ಸಾಕು ಅಂತ ನಾವೆಲ್ಲ ಚಿಕ್ಕಂದಿನಿಂದ ಒಪ್ಪಿಕೊಂಡಿದ್ದೀವಿ. ಈಗ ಅಷ್ಟೇ ವ್ಯಾಸದ ರಿಮ್ಮಿನ ಮೇಲೆ ನಾಲ್ಕು ಜನ ದೊಡ್ಡವರು ಕೂರುವ, ನಾಲ್ಕು ಸಿಲಿಂಡರ್ ಎಂಜಿನ್ ಇರುವ, ಸುಮಾರು 600 ಕೆಜಿ ತೂಕದ ಕಾರು ನಿಲ್ಲಿಸಬೇಕು ಅಂತ ನೀವು ಡಿಸೈನ್ ವೈವಾದಲ್ಲಿ ಹೇಳಿದರೆ ಮೇಷ್ಟ್ರು ಹೊರಗೆ ಕಳಿಸ್ತಾರೆ. 1950ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಡನ್‌ಲಪ್ ಕಂಪನಿಯವರ ಮುಂದೆ ಒಬ್ಬರು ಇದನ್ನೇ ಕೇಳಿದ್ದರು. ನಿಜ ಹೇಳಬೇಕಂದ್ರೆ ಅವರು ಮೊದಲು ಕೇಳಿದ್ದು ಹತ್ತಲ್ಲ, ಎಂಟಿಂಚು. ಡನ್‌ಲಪ್‌ನವರು ಎಂಟಕ್ಕೆ ಒಪ್ಪಲಿಲ್ಲ. ಹತ್ತಕ್ಕೆ ರಾಜಿ ಆಯ್ತು.

ಕೇಳಿದವರು ಅಲೆಕ್ ಇಸಿಗೋನಿಸ್. ಆ ಕಾರು ಮಿನಿ.

ಹಳೇ ಕಾರಿಗೆ ಎಷ್ಟಿಂಚಿನ ವೀಲ್ ಹಾಕಬಹುದು, ಆಫ್‌ಸೆಟ್ ಎಷ್ಟಿರಬೇಕು ಅನ್ನೋ ಮಾತು ಶುರುವಾದರೆ ನಮ್ಮ ಮೆಕ್ಯಾನಿಕಲ್ ಹುಡುಗರಲ್ಲಿ ರಾತ್ರಿ ಎರಡು ಗಂಟೆಯವರೆಗೂ ಮುಗಿಯಲ್ಲ. ಆ ಮಾತಿಗೆ ಈ ಮನುಷ್ಯನ ಬದುಕಿಗಿಂತ ಒಳ್ಳೆ ಪಠ್ಯ ನನಗೆ ಸಿಕ್ಕಿಲ್ಲ. ಯಾಕಂದ್ರೆ ಬೇರೆಯವರು ಕಾರು ಬರೆದು ಆಮೇಲೆ ಚಕ್ರ ಹುಡುಕುತ್ತಿದ್ದ ಕಾಲದಲ್ಲಿ ಇವರು ಚಕ್ರ ಮೊದಲು ಗೊತ್ತು ಮಾಡಿ ಅದರ ಸುತ್ತ ಕಾರು ಬರೆದರು.

ಇಸಿಗೋನಿಸ್ ಹುಟ್ಟಿದ್ದು 1906ರ ನವೆಂಬರ್ 18ರಂದು, ಸ್ಮಿರ್ನಾದಲ್ಲಿ. ಈಗಿನ ಟರ್ಕಿಯ ಇಜ್ಮಿರ್ ಅದು. ಆಗ ಒಟ್ಟೊಮನ್ ಸಾಮ್ರಾಜ್ಯದ ದೊಡ್ಡ ಬಂದರು. ಅಪ್ಪ ಕಾನ್‌ಸ್ಟಂಟೈನ್ ಗ್ರೀಕ್ ಮೂಲದವರು, ಆದರೆ ಬ್ರಿಟಿಷ್ ಪ್ರಜೆ. ಅಮ್ಮ ಹುಲ್ಡಾ ಜರ್ಮನಿಯ ಬವೇರಿಯಾ ಕಡೆಯ ಮನೆತನದವರು. ಮನೆಯವರದು ಹಡಗಿನ ಯಂತ್ರಗಳ ಕಾರ್ಖಾನೆ. ಬಾಯ್ಲರು, ಎರಕ, ಲೇತು ಇವುಗಳ ಸದ್ದಿನ ಪಕ್ಕದಲ್ಲೇ ಹುಡುಗ ಬೆಳೆದ. ಕಾರ್ಖಾನೆಯಲ್ಲಿ ನಕ್ಷೆ ಬರೆಯುವವರ ಮೇಜು ಅವನಿಗೆ ಆಟದ ಜಾಗ.

1922ರ ಸೆಪ್ಟೆಂಬರಿನಲ್ಲಿ ಇದೆಲ್ಲ ಮುಗಿದುಹೋಯ್ತು. ಗ್ರೀಸ್-ಟರ್ಕಿ ಯುದ್ಧದ ಕೊನೆಗೆ ಸ್ಮಿರ್ನಾ ಟರ್ಕಿಯ ಸೇನೆಯ ಕೈಗೆ ಬಂತು, ಊರು ಹೊತ್ತಿ ಉರಿಯಿತು. ಬ್ರಿಟಿಷ್ ಪ್ರಜೆಗಳನ್ನು ಬ್ರಿಟನ್ನಿನ ನೌಕಾಪಡೆ ಹಡಗು ಹತ್ತಿಸಿ ಮಾಲ್ಟಾಕ್ಕೆ ಸಾಗಿಸಿತು. ಇಸಿಗೋನಿಸ್ ಕುಟುಂಬ ಹೊತ್ತು ತರಲು ಆದಷ್ಟನ್ನೇ ತಂದಿದ್ದು. ಕಾರ್ಖಾನೆ, ಮನೆ ಹೋಯ್ತು. ಅಪ್ಪ ಮಾಲ್ಟಾದಲ್ಲೇ ತೀರಿಕೊಂಡರು. 1923ರಲ್ಲಿ ವಿಧವೆ ತಾಯಿಯ ಜೊತೆ ಇಂಗ್ಲೆಂಡಿಗೆ ಬಂದಿಳಿದಾಗ ಅಲೆಕ್‌ಗೆ ಇನ್ನೂ ಹದಿನೇಳೂ ತುಂಬಿರಲಿಲ್ಲ. ಮುಂದೆ ಜಾಗದ ವಿಷಯದಲ್ಲಿ ಅವರಿಗಿದ್ದ ಜಿಪುಣತನ ಇಲ್ಲಿಂದಲೇ ಬಂತು ಅಂತ ಹೇಳಿಬಿಡೋದು ಸುಲಭ. ನಾನು ಹೇಳಲ್ಲ, ಹಾಗೆ ಎಲ್ಲವನ್ನೂ ಬಾಲ್ಯಕ್ಕೆ ಕಟ್ಟೋದು ನನಗೆ ಇಷ್ಟವಿಲ್ಲ. ತಾಯಿ-ಮಗ ಮಾತ್ರ ಆಮೇಲೆ ಒಬ್ಬರನ್ನೊಬ್ಬರು ಬಿಡಲಿಲ್ಲ. ಅವರು ಮದುವೆ ಆಗಲಿಲ್ಲ, ತಾಯಿ ಇರುವವರೆಗೂ ಜೊತೆಯಲ್ಲೇ ಇದ್ದರು.

ಲಂಡನ್ನಿನ ಬ್ಯಾಟರ್ಸಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಮೆಕ್ಯಾನಿಕಲ್ ಡಿಪ್ಲೊಮಾಗೆ ಸೇರಿದರು. ಡ್ರಾಯಿಂಗಿನಲ್ಲಿ ಎತ್ತಿದ ಕೈ. ಗಣಿತದಲ್ಲಿ ಮೂರು ಸಲ ಫೇಲು! ಎಂ-3 ಬ್ಯಾಕ್‌ಲಾಗ್ ಇಟ್ಟುಕೊಂಡು ಇದನ್ನು ಓದುತ್ತಿರುವವರು ಖುಷಿ ಪಡಬಹುದು, ಆದರೆ ಪೂರ್ತಿ ಅಲ್ಲ: ಗಣಿತದ ಮೇಲಿನ ಆ ಸಿಟ್ಟನ್ನು ಅವರು ಜೀವನಪೂರ್ತಿ ಇಟ್ಟುಕೊಂಡರು, ಅದಕ್ಕೆ ಅವರ ಕಂಪನಿ ಒಂದಷ್ಟು ಬೆಲೆಯನ್ನೂ ತೆತ್ತಿತು. ಅದು ಮುಂದೆ ಬರುತ್ತೆ.

ಮೊದಲು ಲಂಡನ್ನಿನ ಒಂದು ಸಣ್ಣ ಕಚೇರಿಯಲ್ಲಿ ಕ್ಲಚ್-ಗೇರಿನ ಕೆಲಸ ಸುಲಭ ಮಾಡುವ ಸಾಧನದ ಮೇಲೆ ದುಡಿದರು. 1934ರಲ್ಲಿ ಕವೆಂಟ್ರಿಯ ಹಂಬರ್ ಕಂಪನಿ, 1936ರಲ್ಲಿ ಕೌಲಿಯ ಮಾರಿಸ್ ಮೋಟರ್ಸ್. ಮಾರಿಸ್‌ನಲ್ಲಿ ಅವರಿಗೆ ಸಿಕ್ಕ ವಿಷಯ ಸಸ್ಪೆನ್ಷನ್, ಅಂದ್ರೆ ಚಕ್ರ ಬಾಡಿಗೆ ಹೇಗೆ ಅಂಟಿಕೊಂಡಿರಬೇಕು, ಹೊಂಡ ಬಂದಾಗ ಹೇಗೆ ಏಳಬೇಕು, ತಿರುವಿನಲ್ಲಿ ಹೇಗೆ ನಿಲ್ಲಬೇಕು ಅನ್ನೋದು. ಹಗಲು ಕಂಪನಿ ಕೆಲಸ. ಬಿಡುವಿನಲ್ಲಿ ಗೆಳೆಯ ಜಾರ್ಜ್ ಡೌಸನ್ ಜೊತೆ ಸೇರಿ ಕೈಯಲ್ಲೇ ಒಂದು ರೇಸ್ ಕಾರು ಕಟ್ಟಿದರು, ಲೈಟ್‌ವೇಟ್ ಸ್ಪೆಷಲ್ ಅಂತ. ವರ್ಷಗಟ್ಟಲೆ ಹಿಡಿಯಿತು. ಹಗುರ ಬಾಡಿ, ನಾಲ್ಕೂ ಚಕ್ರಕ್ಕೆ ಬೇರೆ ಬೇರೆ ಸಸ್ಪೆನ್ಷನ್, ಸ್ಪ್ರಿಂಗಿನ ಜಾಗದಲ್ಲಿ ರಬ್ಬರ್. ಮಿನಿಗೆ ಇಪ್ಪತ್ತು ವರ್ಷ ಮೊದಲೇ ಮಿನಿಯ ಅರ್ಧ ಪಾಠ ಅಲ್ಲಿ ಮುಗಿದಿತ್ತು.

ಯುದ್ಧದ ನಡುವೆಯೇ ಮಾರಿಸ್‌ನ ಮೈಲ್ಸ್ ಥಾಮಸ್ ಒಂದು ಪುಟ್ಟ ಕಾರಿನ ಕೆಲಸ ಇವರಿಗೆ ಒಪ್ಪಿಸಿದರು. ಕೆಲಸದ ಹೆಸರು ಮಸ್ಕಿಟೊ. ಅದು 1948ರಲ್ಲಿ ಮಾರಿಸ್ ಮೈನರ್ ಆಗಿ ಹೊರಬಂತು. ಇಲ್ಲಿ ಚಕ್ರದ ಕಡೆ ಮೊದಲ ಸಲ ಕೈ ಹಾಕಿದರು. ಆಗ ಮಾರಿಸ್‌ನ ಸಣ್ಣ ಕಾರು ಮಾರಿಸ್ ಎಯ್ಟ್‌ಗೆ 17 ಇಂಚಿನ ಚಕ್ರ. ಇವರು 14ಕ್ಕೆ ಇಳಿಸಿದರು, ಅದನ್ನು ಬಾಡಿಯ ನಾಲ್ಕು ಮೂಲೆಗೆ ತಳ್ಳಿದರು. ಮೂರು ಇಂಚು ಕಮ್ಮಿ ಆದರೆ ಏನು ಮಹಾ ಅನ್ನಿಸಬಹುದು. ಆದರೆ ಚಕ್ರ ಸಣ್ಣದಾದರೆ ಅದು ಅಲುಗಾಡಲು ಬೇಕಾದ ಗೂಡು ಸಣ್ಣದಾಗುತ್ತೆ, ಗೂಡು ಸಣ್ಣದಾದರೆ ಒಳಗೆ ಕಾಲಿಡುವ ಜಾಗ ಉಳಿಯುತ್ತೆ. ಚಕ್ರದ ತೂಕ ಕಮ್ಮಿಯಾದರೆ ಹೊಂಡದಲ್ಲಿ ಅದು ಬೇಗ ಎದ್ದು ಬೇಗ ಕೂರುತ್ತೆ. ಹಬ್ ಕೆಳಗೆ ಬಂದರೆ ಇಡೀ ಗಾಡಿಯನ್ನ ತಗ್ಗಿಸಬಹುದು.

ಉತ್ಪಾದನೆಗೆ ಹೋಗುವ ಮುನ್ನ ಒಂದು ತಮಾಷೆ ನಡೆಯಿತು. ಮಾದರಿ ಕಾರು ಯಾಕೋ ಸೊರಗಿದ ಹಾಗೆ ಕಾಣ್ತಿದೆ ಅನ್ನಿಸಿ ಇಸಿಗೋನಿಸ್ ಅದನ್ನ ಉದ್ದಕ್ಕೆ ಎರಡು ಹೋಳಾಗಿ ಕೊಯ್ಯಿಸಿದರು. ಎರಡೂ ಹೋಳನ್ನು ದೂರ ಸರಿಸ್ತಾ, ಸರಿಸ್ತಾ, ಕಣ್ಣಿಗೆ ಸರಿ ಅನ್ನಿಸಿದಾಗ ನಿಲ್ಲಿಸಿದರು. ಅಳೆದರೆ ನಾಲ್ಕು ಇಂಚು. ಅಷ್ಟರಲ್ಲಿ ಬಂಪರುಗಳು ಆಗಲೇ ತಯಾರಾಗಿಬಿಟ್ಟಿದ್ದವು. ಅವನ್ನೂ ನಡುವೆ ಕತ್ತರಿಸಿ ಪಟ್ಟಿ ಸೇರಿಸಿದರು. ಮೊದಮೊದಲ ಮೈನರುಗಳಲ್ಲಿ ಬಂಪರಿನ ಆ ತೇಪೆ, ಬಾನೆಟ್ಟಿನ ನಡುವಿನ ಚಪ್ಪಟೆ ಪಟ್ಟಿ ಎರಡೂ ಈಗಲೂ ಕಾಣುತ್ತವೆ. ನೋಡೋಕೆ ಇದು ಸೌಂದರ್ಯದ ವಿಷಯ. ಆದರೆ ಎಡ-ಬಲ ಚಕ್ರಗಳ ನಡುವಿನ ಅಂತರವೂ ಅದೇ ಏಟಿಗೆ ಹೆಚ್ಚಾಯ್ತು, ಗಾಡಿ ತಿರುವಿನಲ್ಲಿ ಇನ್ನೂ ಗಟ್ಟಿಯಾಗಿ ನಿಂತಿತು. ಕಂಪನಿ ಮಾಲೀಕ ಲಾರ್ಡ್ ನಫೀಲ್ಡ್‌ಗೆ ಅದು ಬೇಯಿಸಿದ ಮೊಟ್ಟೆಯ ಹಾಗೆ ಕಂಡಿತಂತೆ. ಅದೇ ಮೊಟ್ಟೆ ಹತ್ತು ಲಕ್ಷ ದಾಟಿದ ಮೊದಲ ಬ್ರಿಟಿಷ್ ಕಾರಾಯ್ತು.

ಅದೇ 1948ರಲ್ಲಿ ಮೈನರಿನ ಅಣ್ಣನ ಹಾಗೆ ಬಂದದ್ದು ಮಾರಿಸ್ ಆಕ್ಸ್‌ಫರ್ಡ್. ಅದರಲ್ಲೂ ಮುಂದೆ ಟಾರ್ಷನ್ ಬಾರ್, ರ್ಯಾಕ್ ಅಂಡ್ ಪಿನಿಯನ್ ಸ್ಟೀರಿಂಗ್. ಈ ಆಕ್ಸ್‌ಫರ್ಡ್ ವಂಶದ ಮೂರನೇ ಸರಣಿಯ ಕಾರೇ ನಮ್ಮಲ್ಲಿ ಅಂಬಾಸಡರ್ ಆಗಿದ್ದು. ನಮ್ಮ ಊರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅಂಬಾಸಡರ್ ಕೆಳಗೆ ಮಲಗಿ ಟಾರ್ಷನ್ ಬಾರ್ ಸರಿಮಾಡಿದ ಮೇಸ್ತ್ರಿಗಳಿಗೆ ಈ ಹೆಸರು ಗೊತ್ತಿರಲಿಲ್ಲ ಅಷ್ಟೇ, ಮನುಷ್ಯನ ಕೈಬರಹ ಗೊತ್ತಿತ್ತು.

1952ರಲ್ಲಿ ಮಾರಿಸ್ ಮತ್ತು ಆಸ್ಟಿನ್ ಸೇರಿ ಬಿ.ಎಂ.ಸಿ. ಆಯ್ತು. ಇಸಿಗೋನಿಸ್ ಬಿಟ್ಟು ಆಲ್ವಿಸ್‌ಗೆ ಹೋದರು, ಅಲ್ಲಿ ದೊಡ್ಡ ವಿ-8 ಕಾರೊಂದನ್ನು ಕಟ್ಟಿದರು, ಅದು ಮಾರುಕಟ್ಟೆಗೆ ಬರದೇ ನಿಂತಿತು. ಆ ಮೂರು ವರ್ಷದಲ್ಲಿ ಉಳಿದ ಲಾಭ ಅಂದ್ರೆ ರಬ್ಬರ್ ಸಸ್ಪೆನ್ಷನ್ನಿನ ಅಲೆಕ್ಸ್ ಮೌಲ್ಟನ್ ಜೊತೆಗಿನ ಸ್ನೇಹ. 1955ರ ಕೊನೆಗೆ ಬಿ.ಎಂ.ಸಿ.ಯ ಮುಖ್ಯಸ್ಥ ಲೆನರ್ಡ್ ಲಾರ್ಡ್ ಇವರನ್ನ ವಾಪಸ್ ಕರೆಸಿಕೊಂಡರು.

ಆಮೇಲೆ ಸೂಯೆಜ್. 1956ರಲ್ಲಿ ನಾಸರ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು, ಜಗಳ ಯುದ್ಧವಾಯ್ತು, ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಬೀದಿ ತುಂಬಾ ಜರ್ಮನಿಯ ಮೂರು ಚಕ್ರದ, ಗುಳ್ಳೆಯಂಥ ಪುಟಾಣಿ ಗಾಡಿಗಳು ಓಡಾಡತೊಡಗಿದವು. ಲಾರ್ಡ್‌ಗೆ ಅವನ್ನು ಕಂಡರೆ ಆಗುತ್ತಿರಲಿಲ್ಲ. 1957ರ ಮಾರ್ಚಿನಲ್ಲಿ ಇಸಿಗೋನಿಸ್‌ಗೆ ಆಜ್ಞೆ ಬಂತು: ಮಿಕ್ಕ ಕೆಲಸ ಬಿಡಿ, ನಿಜವಾದ ಒಂದು ಸಣ್ಣ ಕಾರು ಮಾಡಿ, ಎಂಜಿನ್ ಮಾತ್ರ ಕಂಪನಿಯಲ್ಲಿ ಇರೋದನ್ನೇ ಬಳಸಿ. ಕೈಗೆ ಸಿಕ್ಕ ತಂಡ ಎಷ್ಟು ದೊಡ್ಡದು ಗೊತ್ತಾ? ಮೈನರ್ ಕಾಲದ ಜೊತೆಗಾರ ಜಾಕ್ ಡೇನಿಯಲ್ಸ್, ಆಲ್ವಿಸ್‌ನಿಂದ ಬಂದ ಕ್ರಿಸ್ ಕಿಂಗಮ್, ನಕ್ಷೆ ಬರೆಯುವ ನಾಲ್ವರು, ಮತ್ತೆ ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ನಮ್ಮ ಎಸ್.ಎ.ಇ. ಬಾಜಾ ತಂಡದಲ್ಲಿ ಇದಕ್ಕಿಂತ ಜಾಸ್ತಿ ಜನ ಇದ್ದಾರೆ. ಅದೇ ವರ್ಷದ ಅಕ್ಟೋಬರಿಗೆ ಓಡುವ ಮಾದರಿ ಸಿದ್ಧ.

ಲೆಕ್ಕ ಹೀಗಿತ್ತು. ಕಾರಿನ ಒಟ್ಟು ಉದ್ದ 10 ಅಡಿ. ಅದರಲ್ಲಿ 6 ಅಡಿ ಜನರಿಗೆ. ಮಿಕ್ಕ 4 ಅಡಿಯಲ್ಲಿ ಎಂಜಿನ್, ಗೇರ್‌ಬಾಕ್ಸ್, ಡಿಕ್ಕಿ ಎಲ್ಲಾ ಮುಗಿಯಬೇಕು. ಎಂಜಿನ್ನನ್ನು ಅಡ್ಡಕ್ಕೆ ತಿರುಗಿಸಿದ್ದು, ಗೇರ್‌ಬಾಕ್ಸನ್ನ ಅದರ ಕೆಳಗೆ ಎಣ್ಣೆ ತೊಟ್ಟಿಯಲ್ಲೇ ಕೂರಿಸಿದ್ದು, ಮುಂದಿನ ಚಕ್ರಕ್ಕೇ ಶಕ್ತಿ ಕೊಟ್ಟಿದ್ದು, ಇದೆಲ್ಲ ಎಲ್ಲ ಪುಸ್ತಕದಲ್ಲೂ ಇದೆ. ಅಷ್ಟಾಗಿ ಹೇಳದೇ ಬಿಡೋದು ಚಕ್ರದ ಪಾತ್ರ. 14 ಇಂಚಿನ ಚಕ್ರ ಇಟ್ಟಿದ್ದರೆ ಮುಂದಿನ ಗೂಡು ಚಾಲಕನ ಪಾದಕ್ಕೆ ಬರುತ್ತಿತ್ತು, ಹಿಂದಿನ ಗೂಡು ಹಿಂದೆ ಕೂತವರ ಮೊಣಕೈಗೆ. ಅಡ್ಡ ಕೂತ ಎಂಜಿನ್ನಿನ ಎರಡೂ ಪಕ್ಕ ಚಕ್ರ ತಿರುಗಲು ಜಾಗವೇ ಉಳಿಯುತ್ತಿರಲಿಲ್ಲ. ಹತ್ತಿಂಚು ಇಲ್ಲದಿದ್ದರೆ ಹತ್ತಡಿ ಇಲ್ಲ.

ಡನ್‌ಲಪ್‌ನವರ ಹೆದರಿಕೆಯೂ ಸುಳ್ಳಲ್ಲ. ನಾವೇ ಲೆಕ್ಕ ಹಾಕೋಣ. ಗಂಟೆಗೆ 60 ಕಿ.ಮೀ. ಅಂದ್ರೆ ನಿಮಿಷಕ್ಕೆ ಒಂದು ಕಿ.ಮೀ. ಈಗಿನ ಅಳತೆಯ 145/80 ಆರ್ 10 ಟೈರಿನ ಹೊರ ವ್ಯಾಸ ಸುಮಾರು 486 ಮಿ.ಮೀ., ಸುತ್ತಳತೆ 1.53 ಮೀಟರ್. ಅಲ್ಲಿಗೆ ನಿಮಿಷಕ್ಕೆ ಸುಮಾರು 655 ಸುತ್ತು. 600 ಮಿ.ಮೀ. ವ್ಯಾಸದ ಟೈರಾದರೆ 530ರಲ್ಲಿ ಮುಗಿಯುತ್ತಿತ್ತು. ಅಷ್ಟೇ ದೂರಕ್ಕೆ ಸಣ್ಣ ಟೈರಿನ ಪ್ರತಿ ಭಾಗ ಹೆಚ್ಚು ಸಲ ನೆಲಕ್ಕೆ ಬಡಿಯುತ್ತೆ, ಹೆಚ್ಚು ಸಲ ಮಡಚುತ್ತೆ, ಬಿಸಿಯಾಗುತ್ತೆ, ಸವೆಯುತ್ತೆ. ಕೊನೆಗೆ ಡನ್‌ಲಪ್ ಈ ಕಾರಿಗೆಂದೇ 5.20-10 ಅಳತೆಯ ಟೈರ್ ಮಾಡಿಕೊಟ್ಟಿತು. ಚಕ್ರದ ಒಳಗಿನ ಸಮಸ್ಯೆ ಇನ್ನೊಂದು ಥರ. ಮುಂದಿನ ಚಕ್ರ ತಿರುಗಲೂ ಬೇಕು, ಎಳೆಯಲೂ ಬೇಕು. ಸಾಮಾನ್ಯ ಯೂನಿವರ್ಸಲ್ ಜಾಯಿಂಟ್ ಹಾಕಿದರೆ ಸ್ಟೀರಿಂಗ್ ತಿರುಗಿಸಿದಾಗ ಶಾಫ್ಟು ಜಗ್ಗಿ ಜಗ್ಗಿ ಬರುತ್ತೆ. ಅದಕ್ಕೆ ರೆಪ್ಪಾ ಮಾದರಿಯ ಸಿ.ವಿ. ಜಾಯಿಂಟ್, ಆರು ಗುಂಡಿನದು, ತಂದರು. ಅದು, ಬೇರಿಂಗು, 7 ಇಂಚಿನ ಬ್ರೇಕ್ ಡ್ರಮ್ಮು ಎಲ್ಲಾ ಆ ಪುಟ್ಟ ತಟ್ಟೆಯ ಹೊಟ್ಟೆಯೊಳಗೇ ಕೂರಬೇಕಾಯ್ತು.

ಇಲ್ಲೇ ಆಫ್‌ಸೆಟ್ ಅಂದ್ರೇನು ಅಂತ ಹೇಳಿಬಿಡ್ತೀನಿ. ರಿಮ್ಮಿನ ಅಗಲದ ಸರಿಯಾಗಿ ನಡುವೆ ಒಂದು ಗೆರೆ ಎಳೀರಿ. ಹಬ್ಬಿಗೆ ಒತ್ತಿಕೊಂಡು ಬೋಲ್ಟ್ ಆಗುವ ಮುಖ ಆ ಗೆರೆಯಿಂದ ಎಷ್ಟು ಮಿ.ಮೀ. ದೂರ ಇದೆಯೋ ಅದೇ ಆಫ್‌ಸೆಟ್. ಮುಖ ರಸ್ತೆಯ ಕಡೆಗಿದ್ದರೆ ಪಾಸಿಟಿವ್. ಚಕ್ರ ಬಾಡಿಯ ಒಳಕ್ಕೆ ಹೋಗುತ್ತೆ. ಎಂಜಿನ್ ಕಡೆಗಿದ್ದರೆ ನೆಗೆಟಿವ್. ಚಕ್ರ ಹೊರಕ್ಕೆ ಚಾಚುತ್ತೆ. ಮಿನಿಯಲ್ಲಿ ಹಬ್ಬು, ಜಾಯಿಂಟು ಚಕ್ರದೊಳಗೇ ಅಡಗಿದ್ದರಿಂದ ಮುಖವನ್ನು ಹೊರಕ್ಕೆ ತಳ್ಳಲೇಬೇಕಿತ್ತು. ಮೂಲ ರಿಮ್ಮಿನ ಅಗಲ ಬರೀ 3.5 ಇಂಚು. ಆ ಅಗಲ, ಆ ಆಫ್‌ಸೆಟ್, ಬೇರಿಂಗಿನ ಜಾಗ, ಸ್ಟೀರಿಂಗ್ ತಿರುಗುವ ಅಕ್ಷ ಇವೆಲ್ಲ ಒಂದೇ ಹಾಳೆಯ ಮೇಲೆ ಒಂದೇ ಕೈ ಬರೆದದ್ದು. ಒಂದನ್ನು ಕದಲಿಸಿದರೆ ಮಿಕ್ಕ ಮೂರೂ ಕೂಗುತ್ತವೆ.

1959ರ ಆಗಸ್ಟ್ 26ರಂದು ಕಾರು ಬಿಡುಗಡೆಯಾಯ್ತು. 848 ಸಿ.ಸಿ. ಎಂಜಿನ್, ಬೆಲೆ 500 ಪೌಂಡಿಗೆ ಒಂಚೂರು ಕಮ್ಮಿ. ಮೊದಲು ಜನ ನಕ್ಕರು. ಮೊದಲ ಮಳೆಗಾಲದಲ್ಲಿ ಕೊಂಡವರೂ ಅತ್ತರು, ಯಾಕಂದ್ರೆ ನೆಲದ ತಗಡಿನ ಜೋಡಣೆ ತಪ್ಪಾಗಿ, ಚಕ್ರ ಎರಚಿದ ನೀರು ಒಳಗೇ ಬಂದು ನಿಲ್ಲುತ್ತಿತ್ತು. ಬೆಲೆಯಲ್ಲೂ ಎಡವಟ್ಟು. ಪ್ರತಿಸ್ಪರ್ಧಿ ಫೋರ್ಡ್ ಒಂದು ಮಿನಿಯನ್ನು ಪೂರ್ತಿ ಬಿಚ್ಚಿ ಲೆಕ್ಕ ಹಾಕಿ, ಬಿ.ಎಂ.ಸಿ. ಪ್ರತಿ ಕಾರಿನ ಮೇಲೂ ಸುಮಾರು 30 ಪೌಂಡ್ ಕಳ್ಕೊಳ್ತಿದೆ ಅನ್ನೋ ತೀರ್ಮಾನಕ್ಕೆ ಬಂತು. ಜಾಗದ ಲೆಕ್ಕವನ್ನು ಇಂಚಿಂಚಾಗಿ ಹಾಕಿದ ಮನುಷ್ಯ ದುಡ್ಡಿನ ಲೆಕ್ಕವನ್ನು ಬೇರೆಯವರ ಕೆಲಸ ಅಂತ ಬಿಟ್ಟಿದ್ದರು. ಆ ಬೇರೆಯವರು ಮಾಡಲಿಲ್ಲ.

ರೇಸಿನವರು ಮಾತ್ರ ಮೊದಲ ದಿನವೇ ಗುರುತು ಹಿಡಿದರು. ಚಕ್ರ ನಾಲ್ಕು ಮೂಲೆಯಲ್ಲಿದೆ, ತೂಕ ತಗ್ಗಿನಲ್ಲಿದೆ, ರಬ್ಬರ್ ಸಸ್ಪೆನ್ಷನ್ ಬಿಗಿ, ತಿರುವಿನಲ್ಲಿ ಗಾಡಿ ನೆಲಕ್ಕೆ ಅಂಟುತ್ತೆ. ರೇಸ್ ಕಾರು ಕಟ್ಟುತ್ತಿದ್ದ ಜಾನ್ ಕೂಪರ್ ಇಸಿಗೋನಿಸ್‌ಗೆ ಗೆಳೆಯ. ವೇಗದ ಮಿನಿ ಮಾಡೋಣ ಅಂದಾಗ ಇವರಿಗೆ ಉತ್ಸಾಹ ಬರಲಿಲ್ಲ. ಇದು ಸಾಮಾನ್ಯ ಜನರ ಗಾಡಿ ಅನ್ನೋದು ಅವರ ನಿಲುವು. ಕೂಪರ್ ಮೇಲಿನವರನ್ನು ಕೇಳಿ ಒಪ್ಪಿಸಿದರು. 1961ರಲ್ಲಿ ಮಿನಿ ಕೂಪರ್ ಬಂತು. ಆಗ ಹತ್ತಿಂಚಿನ ಸಾಲ ತೀರಿಸುವ ಸಮಯವೂ ಬಂತು: ವೇಗ ಜಾಸ್ತಿಯಾದರೆ ಬ್ರೇಕ್ ದೊಡ್ಡದಾಗಬೇಕು, ಆದರೆ ಹತ್ತಿಂಚಿನ ರಿಮ್ಮಿನೊಳಗೆ ಎಷ್ಟು ದೊಡ್ಡ ಡಿಸ್ಕ್ ಹಿಡಿಸುತ್ತೆ? 7 ಇಂಚು ಹಿಡಿಸಿತು. 1963ರ ಕೂಪರ್ ಎಸ್‌ಗೆ ಹೇಗೋ ತುರುಕಿ 7.5 ಇಂಚು ಮಾಡಿದರು. ಅಲ್ಲಿಗೆ ಜಾಗ ಮುಗಿಯಿತು.

ಎಸ್ ಮಾದರಿಯಲ್ಲಿ ಚಂದದ ಒಂದು ಕೆಲಸ ಇದೆ. ಮುಂದಿನ ಹೊಸ ಡಿಸ್ಕಿನಿಂದಾಗಿ ಮುಂದಿನ ಚಕ್ರಗಳು ಹೊರಕ್ಕೆ ಬಂದವು. ಹಿಂದಿನವು ಒಳಗೇ ಉಳಿದರೆ ಮುಂದೊಂದು ಹಿಂದೊಂದು ಅಗಲ ಆಗುತ್ತೆ. ಹಾಗಂತ ಹಿಂದೆ ಬೇರೆ ಆಫ್‌ಸೆಟ್ಟಿನ ಚಕ್ರ ಕೊಟ್ಟರೆ ಸ್ಟೆಪ್ನಿ ಎರಡು ಇಟ್ಕೋಬೇಕು! ಅದಕ್ಕೆ ಹಿಂದಿನ ಬ್ರೇಕ್ ಡ್ರಮ್ಮನ್ನೇ ದಪ್ಪ ಮುಖದೊಂದಿಗೆ, ಸ್ಪೇಸರ್ ಸೇರಿಸಿಯೇ ಎರಕ ಹೊಯ್ದರು. ನಾಲ್ಕೂ ಕಡೆಗೆ ಒಂದೇ ಚಕ್ರ. 3.5 ಇಂಚಿನ ರಿಮ್ ಬೇಡ ಅನ್ನುವವರಿಗೆ 4.5 ಇಂಚಿನದ್ದೂ ಸಿಗುತ್ತಿತ್ತು. ಈ ಪುಟ್ಟ ಗಾಡಿ 1964, 1965, 1967ರಲ್ಲಿ ಮಾಂಟೆ ಕಾರ್ಲೊ ರ್ಯಾಲಿ ಗೆದ್ದಿತು. ಹಿಮದ ರಸ್ತೆಯಲ್ಲಿ, ತನಗಿಂತ ಎರಡು ಮೂರು ಪಟ್ಟು ದೊಡ್ಡ ಎಂಜಿನ್ನುಗಳ ಮುಂದೆ. ಎಂಟು ಕಡ್ಡಿಯ ಮಿನಿಲೈಟ್ ಅನ್ನೋ ಮೆಗ್ನೀಸಿಯಂ ಚಕ್ರ ಹೆಸರು ಮಾಡಿದ್ದು ಆ ಕಾಲದಲ್ಲೇ. ಇವತ್ತು ಯಾವ ಹಳೇ ಕಾರು ಕಂಡರೂ ಆ ಆಕಾರದ ಅಲಾಯ್ ಕೂರಿಸುವ ಆಸೆ ಹುಟ್ಟಲು ಈ ರ್ಯಾಲಿ ಫೋಟೋಗಳೇ ಕಾರಣ.

ಆಸೆ ಹುಟ್ಟಿದವರಿಗೆ ಈಗ ಸ್ವಲ್ಪ ಅಂಕಗಣಿತ. ಹಳೇ ಮಿನಿಗೆ ಜನ ಹಾಕುವ ಟೈರುಗಳನ್ನ ನೋಡಿ. 165/70 ಆರ್ 10: ಹೊರ ವ್ಯಾಸ 485 ಮಿ.ಮೀ. 165/60 ಆರ್ 12: 503. 175/50 ಆರ್ 13: 505. ರಿಮ್ಮು ಮೂರಿಂಚು ಬೆಳೆದರೂ ಹೊರ ವ್ಯಾಸ ಬೆಳೆದದ್ದು ಬರೀ 20 ಮಿ.ಮೀ. ಹೊರ ವ್ಯಾಸ ಹತ್ತಿರ ಹತ್ತಿರ ಒಂದೇ ಇದ್ದರೆ ಗೇರಿನ ಲೆಕ್ಕ, ಸ್ಪೀಡೋಮೀಟರ್ ಹೆಚ್ಚು ಕೆಡಲ್ಲ. 145/80 ಆರ್ 10ರ ಬದಲು 13 ಹಾಕಿದರೆ ಮುಳ್ಳು 80 ತೋರಿಸುವಾಗ ನೀವು ಹೋಗ್ತಿರೋದು 83. ಕಳೆದುಹೋಗೋದು ಟೈರಿನ ಪಕ್ಕದ ಗೋಡೆ: 116 ಮಿ.ಮೀ. ಇದ್ದದ್ದು 88ಕ್ಕೆ ಇಳಿಯುತ್ತೆ. ಮಿನಿಯ ರಬ್ಬರ್ ಕೋನು ಮೊದಲೇ ಗಡುಸು, ಹೊಂಡದ ಏಟಿನಲ್ಲಿ ಒಂದು ಪಾಲನ್ನು ನುಂಗುತ್ತಿದ್ದದ್ದು ಆ ಗೋಡೆ. ನಮ್ಮ ರಸ್ತೆಯಲ್ಲಿ ಅಂಥ ಗಾಡಿ ಓಡಿಸಿದರೆ ಸಂಜೆ ಬೆನ್ನಿಗೆ ಎಣ್ಣೆ ಹಚ್ಕೊಳ್ಳೋದೇ.

ಅಗಲದ ವಿಷಯ ಇದಕ್ಕಿಂತ ಗಂಭೀರ. 4.5 ಇಂಚಿನ ರಿಮ್ ತೆಗೆದು ಅದೇ ಆಫ್‌ಸೆಟ್ಟಿನ 6 ಇಂಚಿನದು ಹಾಕಿದಿರಿ ಅಂತಿಟ್ಕೊಳ್ಳಿ. ಹೆಚ್ಚಾದ ಒಂದೂವರೆ ಇಂಚು ಎರಡೂ ಕಡೆ ಹಂಚಿಹೋಗುತ್ತೆ, ಒಳಗೆ 19 ಮಿ.ಮೀ., ಹೊರಗೆ 19 ಮಿ.ಮೀ. ಒಳಗಡೆ ಸಸ್ಪೆನ್ಷನ್ ತೋಳಿಗೋ ಗೂಡಿಗೋ ತಾಗಿದರೆ ಆಫ್‌ಸೆಟ್ 19 ಮಿ.ಮೀ. ಕಮ್ಮಿ ಇರುವ ಚಕ್ರ ತರ್ತೀರಿ. ಆಗ ಪೂರ್ತಿ 38 ಮಿ.ಮೀ. ಹೊರಗೇ ಬರುತ್ತೆ, ಮಡ್‌ಗಾರ್ಡಿಗೆ ಅಂಚು ಕಟ್ಟಬೇಕು. ಅದು ಕಣ್ಣಿಗೆ ಕಾಣುವ ತೊಂದರೆ. ಕಾಣದಿರೋದು ಟೈರಿನ ನಡುಗೆರೆ 19 ಮಿ.ಮೀ. ಹೊರಕ್ಕೆ ಜರುಗಿದ್ದು. ಕಾರಿನ ಭಾರ ಅಷ್ಟು ಉದ್ದದ ಹೆಚ್ಚುವರಿ ಸನ್ನೆಯಿಂದ ಬೇರಿಂಗನ್ನ ತಿರುಚುತ್ತಲೇ ಇರುತ್ತೆ. ಸ್ಟೀರಿಂಗ್ ಅಕ್ಷ ನೆಲ ಮುಟ್ಟುವ ಜಾಗಕ್ಕೂ ಟೈರಿನ ನಡುವಿಗೂ ಇರುವ ಅಂತರಕ್ಕೆ ಸ್ಕ್ರಬ್ ರೇಡಿಯಸ್ ಅಂತಾರೆ, ಅದೂ ಬೆಳೆಯುತ್ತೆ. ಒಂದು ಚಕ್ರ ಹೊಂಡಕ್ಕೆ ಬಿದ್ದರೆ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುತ್ತೆ, ಬ್ರೇಕ್ ಒತ್ತಿದರೆ ಒಂದು ಕಡೆಗೆ ಎಳೆಯುತ್ತೆ. ಮುಂದಿನ ಚಕ್ರವೇ ಎಳೆಯುವ ಗಾಡಿಯಾದ್ದರಿಂದ ಆಕ್ಸಿಲರೇಟರ್ ಒತ್ತಿದಾಗಲೂ ಅದೇ ಗೋಳು. ಚಕ್ರ ಬದಲಿಸುವ ಬದಲು ಸ್ಪೇಸರ್ ಹಾಕಿದರೂ ಇಷ್ಟೇ ಕಥೆ, ಜೊತೆಗೆ ಬೋಲ್ಟಿನ ಹಿಡಿತ ಕಮ್ಮಿಯಾಗುವ ಅಪಾಯ. ಉದ್ದದ ಸ್ಟಡ್ ಹಾಕದೆ ಸ್ಪೇಸರ್ ತುರುಕಿದವರನ್ನು ಕಂಡರೆ ದಯವಿಟ್ಟು ನಿಲ್ಲಿಸಿ ಹೇಳಿ.

ಕೊಳ್ಳುವ ಮೊದಲು ಬೋಲ್ಟುಗಳ ವೃತ್ತವನ್ನೂ ಅಳೆಯಿರಿ. ಮಿನಿಗೂ ಮೈನರಿಗೂ ನಾಲ್ಕು ಬೋಲ್ಟು, 4 ಇಂಚಿನ ವೃತ್ತ, ಅಂದ್ರೆ 101.6 ಮಿ.ಮೀ. ಈಗಿನ ಎಷ್ಟೋ ಸಣ್ಣ ಕಾರುಗಳದ್ದು ಸರಿಯಾಗಿ 100. ಕೈಯಲ್ಲಿ ಹಿಡಿದರೆ ಕೂತ ಹಾಗೇ ಅನ್ನಿಸುತ್ತೆ, ಆ 1.6 ಮಿ.ಮೀ. ನಂಬಿ ಬಿಗಿ ಮಾಡಿದರೆ ನಟ್ಟು ಓರೆ ಕೂರುತ್ತೆ, ಓಡಾಡ್ತಾ ಸಡಿಲವಾಗುತ್ತೆ. ಇನ್ನೊಂದು: ಆಮೇಲಿನ ವರ್ಷಗಳ ಮಿನಿಗಳಿಗೆ 8.4 ಇಂಚಿನ ಡಿಸ್ಕ್ ಇದೆ, ಅದು 12 ಇಂಚಿನ ಚಕ್ರಕ್ಕೆಂದು ಮಾಡಿದ್ದು. ಹಳೇ ಚಂದಕ್ಕೆ ಮರುಳಾಗಿ ಅಂಥ ಗಾಡಿಗೆ ಹತ್ತಿಂಚು ಹಾಕಲು ಹೋದರೆ ಚಕ್ರ ಕೂರೋದೇ ಇಲ್ಲ, ಮೊದಲು ಬ್ರೇಕನ್ನೇ ಚಿಕ್ಕದು ಮಾಡಬೇಕು. ನನ್ನ ಮಟ್ಟಿಗೆ ರಸ್ತೆಯಲ್ಲಿ ಓಡಿಸೋ ಗಾಡಿಗೆ 12 ಇಂಚು, 5 ಇಂಚಿನ ಅಗಲ, ಮೂಲಕ್ಕೆ ಹತ್ತಿರದ ಆಫ್‌ಸೆಟ್ ಸಾಕು. 1960ರ ದಶಕದ ಗಾಡಿಯಾದರೆ ಹತ್ತನ್ನೇ ಬಿಡಿ. 13 ಇಂಚು ಫೋಟೋಗೆ ಚೆನ್ನ.

ಇಸಿಗೋನಿಸ್ ಕಥೆಗೆ ಬರೋಣ. 1962ರಲ್ಲಿ ಅವರದೇ 1100 ಬಂತು, ಮಿನಿಯ ದೊಡ್ಡ ತಮ್ಮನ ಥರ. ಅದಕ್ಕೆ ಅವರೇ 12 ಇಂಚು ಕೊಟ್ಟರು. ಅಂದ್ರೆ ಹತ್ತು ಅನ್ನೋದು ಅವರಿಗೆ ಮಂತ್ರವಾಗಿರಲಿಲ್ಲ, ಹತ್ತಡಿಯ ಗಾಡಿಗೆ ಬಂದ ಉತ್ತರವಾಗಿತ್ತು. 1967ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು, ಗಣಿತದಲ್ಲಿ ಮೂರು ಸಲ ಫೇಲಾದವರು. 1969ರಲ್ಲಿ ಸರ್ ಪದವಿ. ಆದರೆ ಅಷ್ಟರಲ್ಲಿ ಕೆಳಗಿನ ನೆಲ ಜಾರಿತ್ತು. 1968ರಲ್ಲಿ ಕಂಪನಿ ಲೇಲ್ಯಾಂಡ್ ಜೊತೆ ಸೇರಿತು. ಹೊಸ ಆಡಳಿತಕ್ಕೆ ಲಾಭ ಬೇಕಿತ್ತು. ಇವರ ಜಾಗಕ್ಕೆ ಹ್ಯಾರಿ ವೆಬ್‌ಸ್ಟರ್ ಬಂದರು. ಮಿನಿಯ ಜಾಗಕ್ಕೆಂದು ಇಸಿಗೋನಿಸ್ 9ಎಕ್ಸ್ ಅನ್ನೋ ಕಾರು ಸಿದ್ಧಪಡಿಸಿದ್ದರು. ಮಿನಿಗಿಂತ ಗಿಡ್ಡ, ಒಳಗೆ ಇನ್ನೂ ಜಾಗ, ಹಿಂದೆ ಎತ್ತುವ ಬಾಗಿಲು. ಅದನ್ನು ಕೈಬಿಟ್ಟರು. ಅದು ಅವರಿಗೆ ತಟ್ಟಿದ ಏಟು ಅಂತ ಅವರನ್ನು ಬಲ್ಲವರೆಲ್ಲ ಬರೆದಿದ್ದಾರೆ. ತಪ್ಪು ಒಂದೇ ಕಡೆ ಇತ್ತು ಅಂತ ನನಗೆ ಅನ್ನಿಸಲ್ಲ. ಯಾರ ಮಾತೂ ಕೇಳದ, ತಾನು ಗೀಚಿದ್ದನ್ನ ಮಿಕ್ಕವರು ಹಾಗೇ ಮಾಡಲಿ ಅನ್ನುವ ಸ್ವಭಾವ ಒಂಬತ್ತು ಜನರ ತಂಡಕ್ಕೆ ವರ. ಲಕ್ಷಾಂತರ ಕೆಲಸಗಾರರ ಕಂಪನಿಗೆ ಅದೇ ಹೊರೆಯಾಯ್ತು.

1971ರಲ್ಲಿ ನಿವೃತ್ತರಾದರು. ಬೀಳ್ಕೊಡುಗೆಗೆ ಉಡುಗೊರೆ ಬೇಕಾ ಅಂತ ಕೇಳಿದಾಗ ಅವರು ಬಯಸಿದ್ದು ಮೆಕ್ಯಾನೊ ಆಟದ ಸಾಮಾನಿನ ಎಲ್ಲಕ್ಕಿಂತ ದೊಡ್ಡ ಪೆಟ್ಟಿಗೆ, ಹತ್ತನೇ ನಂಬರಿನದು. ಮರುವರ್ಷ ತಾಯಿ ಹೋದರು. ಆಮೇಲೂ ಬರ್ಮಿಂಗ್‌ಹ್ಯಾಮಿನ ಮನೆಯಿಂದಲೇ ಕಂಪನಿಗೆ ಸಲಹೆಗಾರರಾಗಿ ಇದ್ದರು, ಗೇರೇ ಇಲ್ಲದ ಮಿನಿಯೊಂದರ ಮೇಲೆ ಪ್ರಯೋಗ ಮಾಡುತ್ತಾ. ನಮ್ಮಲ್ಲಿ ಮಾರುತಿ 800 ಬಂದಾಗ, ಅಡ್ಡ ಎಂಜಿನ್, ಮುಂದಿನ ಚಕ್ರಕ್ಕೆ ಶಕ್ತಿ, ಮೂಲೆಗೆ ತಳ್ಳಿದ 12 ಇಂಚಿನ ಚಕ್ರ, ಆ ಜೋಡಣೆಯನ್ನು ಜಗತ್ತಿಗೆ ಒಪ್ಪಿಸಿದ ಮನುಷ್ಯ ಆ ಮನೆಯಲ್ಲಿ ಇನ್ನೂ ಪೆನ್ಸಿಲ್ ಹಿಡಿದು ಕೂತಿದ್ದರು.

1988ರ ಅಕ್ಟೋಬರ್ 2ರಂದು ಸರ್ ಅಲೆಕ್ ಇಸಿಗೋನಿಸ್ ತೀರಿಕೊಂಡರು. ಮಿನಿ ಆಗಲೂ ಕಾರ್ಖಾನೆಯಿಂದ ಹೊರಬರುತ್ತಲೇ ಇತ್ತು, 2000ದವರೆಗೂ ಬಂತು, ಒಟ್ಟು 53 ಲಕ್ಷಕ್ಕೂ ಹೆಚ್ಚು. ಅವರು ಹೋದ ವರ್ಷ ಹೊರಬಂದ ಮಿನಿಗಳಿಗೆ ಇದ್ದದ್ದು 12 ಇಂಚಿನ ಚಕ್ರ. ಹತ್ತಿಂಚನ್ನು ನಿಲ್ಲಿಸಿ ಆಗಲೇ ನಾಲ್ಕು ವರ್ಷವಾಗಿತ್ತು.